ಮನೆಯ ಇನ್ನೊಂದು ಸಕ್ಕರೆ ಕಾಯಿಲೆ

ಆ ಮನೆಯಲ್ಲಿ ಸಕ್ಕರೆ ಕಾಯಿಲೆ ಅಂದರೆ ಅದು ಡ್ರೈವಿಂಗ್ ಮಾಸ್ತರರದು. ಹನ್ನೆರಡು ವರ್ಷದಿಂದ ಅವರ ಹೆಸರಿಗೇ ಬರೆದುಕೊಟ್ಟ ಹಾಗಿತ್ತು. ಅವರು ಊಟಕ್ಕೆ ಕೂತರೆ ಅದೂ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂರುತ್ತಿತ್ತು.

"ಇದೇನೇ, ಆಲೂಗಡ್ಡೆನಾ?"

"ಅಲ್ಲ ರೀ, ಮೂಲಂಗಿ."

"ಅನ್ನ ನಿನ್ನೆಗಿಂತ ಜಾಸ್ತಿ ಇದ್ದ ಹಾಗಿದೆ."

"ತಟ್ಟೆ ಚಿಕ್ಕದು, ಹಂಗೆ ಕಾಣುತ್ತೆ. ಸುಮ್ನೆ ಉಣ್ಣಿ."

ಮಾಸ್ತರರು ಎರಡು ಕಡೆ ಬ್ರೇಕ್ ಇರುವ ಹಳೆಯ ಕಾರೊಂದನ್ನು ಇಟ್ಟುಕೊಂಡು ಊರಿನ ಅರ್ಧ ಜನಕ್ಕೆ ವಾಹನ ಓಡಿಸುವುದನ್ನು ಕಲಿಸಿದ್ದರು. ಪಕ್ಕದಲ್ಲಿ ಕೂತು ಗದರುವುದೇ ಕಸುಬಾದ್ದರಿಂದ ಮನೆಗೆ ಬಂದ ಮೇಲೂ ದನಿ ಇಳಿಯುತ್ತಿರಲಿಲ್ಲ. ಅವರ ತಾಯಿ ಎಂಬತ್ತು ದಾಟಿದ ಅಜ್ಜಿ. ಯಾವ ಕಾಯಿಲೆಯೂ ಇಲ್ಲ, ಮಾತಿಗೆ ಬಿಡುವೂ ಇಲ್ಲ. ಒಬ್ಬಳೇ ಮಗಳು ಸಿಟಿ ಬಸ್ಸಿನಲ್ಲಿ ಕಂಡಕ್ಟರ್. ಇಡೀ ಬಸ್ಸನ್ನು ಒಂದೇ ಕೂಗಿನಲ್ಲಿ ಹಿಂದಕ್ಕೆ ಸರಿಸಬಲ್ಲ ಗಂಟಲು ಅವಳಿಗೆ ಅಪ್ಪನಿಂದಲೇ ಬಂದಿತ್ತು. ಈ ಮೂರು ಗಂಟಲುಗಳ ನಡುವೆ ದನಿ ಏರಿಸದೆ ಮನೆ ನಡೆಸುತ್ತಿದ್ದವಳು ಮಾಸ್ತರರ ಹೆಂಡತಿ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಶಾಲೆಗಳ ಯೂನಿಫಾರ್ಮ್ ಹೊಲಿಯುತ್ತಿದ್ದಳು. ಬೀದಿಗೆಲ್ಲ ಅವಳು ಟೈಲರಮ್ಮ.

ಟೈಲರಮ್ಮನಿಗೂ ಸಕ್ಕರೆ ಕಾಯಿಲೆ ಇತ್ತು. ಅದೇನು ಗುಟ್ಟಲ್ಲ. ಆದರೆ ಯಾರೂ ಅದನ್ನು ನೆನಪಿನಲ್ಲಿ ಇಟ್ಟುಕೊಂಡಿರಲಿಲ್ಲ, ಅವಳೂ ಸೇರಿ. ಎಂಟು ವರ್ಷದ ಹಿಂದೆ ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲವೆಂದು ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದಾಗ ಅದು ಗೊತ್ತಾಗಿತ್ತು. ಕನ್ನಡಕದ ಜೊತೆಗೆ ಮಾತ್ರೆಯೂ ಬಂತು. ಒಂದೆರಡು ಸಲ ತೋರಿಸಿಕೊಂಡು ಬಂದಳು. ಆಮೇಲೆ ಔಷಧಿ ಅಂಗಡಿಯಲ್ಲಿ ಹಳೆಯ ಚೀಟಿ ತೋರಿಸಿ ಅದೇ ಮಾತ್ರೆಯನ್ನು ತಂದುಕೊಳ್ಳುವುದು ರೂಢಿಯಾಯಿತು. ಗಂಡನಿಗೆ ಅಳೆದು ಬಡಿಸಿ, ಅತ್ತೆಗೆ ಮೆತ್ತಗೆ ಬೇಯಿಸಿ, ಮಗಳ ಡಬ್ಬಿ ತುಂಬಿಸಿ, ಪಾತ್ರೆಯಲ್ಲಿ ಉಳಿದದ್ದನ್ನು ಅಡುಗೆ ಕಟ್ಟೆಗೆ ಒರಗಿ ನಿಂತು ತಿಂದು ಮತ್ತೆ ಮೆಷಿನ್ನಿಗೆ ಹೋಗುವಳು. ಒಂದು ದಿನ ಬರೀ ಅನ್ನ ಉಳಿದಿರುತ್ತಿತ್ತು, ಇನ್ನೊಂದು ದಿನ ಬರೀ ಉಪ್ಪಿನಕಾಯಿ ಮತ್ತು ಬ್ರೆಡ್ಡು.

ಆ ವರ್ಷ ಶಾಲೆ ಶುರುವಾಗುವ ಮುಂಚಿನ ತಿಂಗಳುಗಳಲ್ಲಿ ಕೆಲಸ ಹೇರಿಕೊಂಡು ಬಂತು. ಬೆನ್ನು ನೋವಿಗೆ ಮಾತ್ರೆ ನುಂಗಿ ನುಂಗಿ ಕೂರುತ್ತಿದ್ದಳು. ಸಂಜೆ ಹೊತ್ತಿಗೆ ಕಾಲು ಊದಿ ಚಪ್ಪಲಿಯ ಪಟ್ಟಿ ಬಿಗಿಯಾಗುತ್ತಿತ್ತು. ಪಟ್ಟಿಯನ್ನು ಬಿಚ್ಚಿ, ಒಂದು ತುಂಡು ಬಟ್ಟೆ ಸೇರಿಸಿ ಅಗಲ ಮಾಡಿ ಹೊಲಿದುಕೊಂಡಳು. ಬಚ್ಚಲಲ್ಲಿ ನೊರೆ ಕಂಡರೆ ತೊಳೆಯುವ ಪುಡಿಯನ್ನು ಬೈದಳು. ಒಂದೆರಡು ಸಲ ಮಧ್ಯಾಹ್ನ ಕೈ ನಡುಗಿ, ಬೆವರು ಕಿತ್ತುಕೊಂಡು ಬಂದು, ಒಂದು ಬಾಳೆಹಣ್ಣು ತಿಂದ ಮೇಲೆ ಸರಿಹೋಯಿತು.

"ನನ್ನ ಸಕ್ಕರೆ ಇಳೀತಾ ಇದೆ ಅತ್ತೆ. ಹಿಂಗೇ ಆದ್ರೆ ಮಾತ್ರೇನೇ ಬೇಡವೇನೋ," ಅಂದಳು.

"ದುಡಿಯೋ ಮೈ ನಿಂದು, ಅದಕ್ಕೇ ಇಳೀತಿದೆ. ನನ್ನ ಮಗ ಕೂತಲ್ಲೇ ದುಡೀತಾನೆ, ಅದಕ್ಕೇ ಇಳಿಯಲ್ಲ," ಅಂದಳು ಅಜ್ಜಿ.

ಮಾಸ್ತರರ ಲೈಸೆನ್ಸು ಮುಂದುವರಿಸಲು ವೈದ್ಯರ ಪ್ರಮಾಣಪತ್ರ ಬೇಕಾಯಿತು. ರಕ್ತ ತೆಗೆಯುವ ಸೂಜಿ ಕಂಡರೆ ಮಾಸ್ತರರಿಗೆ ಕಾಲು ಕುಸಿಯುತ್ತಿತ್ತಾದ್ದರಿಂದ ಹೆಂಡತಿಯೂ ಜೊತೆಗೆ ಹೋಗಬೇಕಾಯಿತು. ಕ್ಲಿನಿಕ್ಕಿನಲ್ಲಿ ಹಳೆಯ ಡಾಕ್ಟರ ಜಾಗಕ್ಕೆ ಹೊಸಬಳೊಬ್ಬಳು ಬಂದಿದ್ದಳು. ಮಾತು ಕಡಿಮೆ, ನೋಟ ಜಾಸ್ತಿ. ಮಾಸ್ತರರು ತಮ್ಮ ಹನ್ನೆರಡು ವರ್ಷದ ಕತೆ ಹೇಳುತ್ತಿರುವಾಗ ಅವಳ ಕಣ್ಣು ಮೇಜಿನ ಆಚೆ ನಿಂತಿದ್ದವಳ ಕಾಲಿನ ಮೇಲಿತ್ತು.

"ಕಾಲು ಯಾವಾಗಿಂದ ಹೀಗಿದೆ?"

"ನನ್ನ ಕಾಲಾ? ನನ್ನ ಕಾಲಿಗೇನಾಗಿದೆ?" ಅಂದರು ಮಾಸ್ತರರು.

"ನಿಮ್ಮದಲ್ಲ. ನೀವು ಇಲ್ಲಿ ಬನ್ನಿ ಅಮ್ಮಾ, ಕೂತ್ಕೊಳ್ಳಿ."

"ಅಯ್ಯೋ, ನಂದೇನಿಲ್ಲ. ಇವರದು ನೋಡಿ ಮೊದಲು."

ಡಾಕ್ಟರಮ್ಮ ಬಗ್ಗಿ ಅವಳ ಮೊಣಕಾಲಿನ ಕೆಳಗೆ ಹೆಬ್ಬೆರಳಿನಿಂದ ಒತ್ತಿ ತೆಗೆದಳು. ನಾದಿದ ಹಿಟ್ಟಿನಲ್ಲಿ ಬಿದ್ದ ಹಾಗೆ ಒಂದು ಗುಳಿ ಅಲ್ಲೇ ಉಳಿಯಿತು. ಟೈಲರಮ್ಮ ತನ್ನ ಕಾಲನ್ನು ಬೇರೆ ಯಾರದೋ ಕಾಲಿನಂತೆ ನೋಡಿದಳು. ರಕ್ತದೊತ್ತಡ ನೋಡಿದಳು, ಅದೂ ಏರಿತ್ತು.

"ನಿಮಗೆ ಸಕ್ಕರೆ ಇದೆಯಾ?"

"ಇದೆ, ಸ್ವಲ್ಪ."

"ಮೂತ್ರದ ಪರೀಕ್ಷೆ ಕಡೇ ಸಲ ಯಾವಾಗ ಮಾಡಿಸಿದ್ರಿ?"

ಟೈಲರಮ್ಮ ಗಂಡನ ಮುಖ ನೋಡಿದಳು. ಗಂಡ ಹೆಂಡತಿಯ ಮುಖ ನೋಡಿದರು. ಆ ದಿನ ಗಂಡ ಹೆಂಡತಿ ಇಬ್ಬರ ರಕ್ತವೂ ಮೂತ್ರವೂ ಪರೀಕ್ಷೆಗೆ ಹೋದವು.

ಫಲಿತಾಂಶ ಬಂದಾಗ ಡಾಕ್ಟರಮ್ಮ ಮೊದಲು ಮಾಸ್ತರರ ಕಾಗದ ತೆಗೆದಳು. "ನಿಮ್ಮದು ಚೆನ್ನಾಗಿದೆ. ಸಕ್ಕರೆ ಹಿಡಿತದಲ್ಲಿದೆ, ಕಿಡ್ನಿಗೆ ಏನೂ ಆಗಿಲ್ಲ. ಊಟ ಯಾರು ನೋಡ್ಕೊಳ್ತಾರೆ?"

"ಇವಳೇ," ಅಂದರು ಮಾಸ್ತರರು, ತಮ್ಮ ಕಾರಿನ ಎಂಜಿನ್ನನ್ನು ಯಾರೋ ಹೊಗಳಿದಷ್ಟು ಹೆಮ್ಮೆಯಿಂದ.

"ಇವರ ಊಟ ಯಾರು ನೋಡ್ಕೊಳ್ತಾರೆ?"

ಡಾಕ್ಟರಮ್ಮ ಉತ್ತರಕ್ಕೆ ಕಾಯದೆ ಟೈಲರಮ್ಮನ ಕಾಗದ ತೆಗೆದಳು. "ಅಮ್ಮಾ, ನಿಮ್ಮ ಮೂತ್ರದಲ್ಲಿ ಪ್ರೋಟೀನ್ ಸೋರ್ತಾ ಇದೆ. ಕಿಡ್ನಿಗಳು ಮಾಡಬೇಕಾದ ಕೆಲಸದಲ್ಲಿ ಅರ್ಧಕ್ಕಿಂತ ಕಡಿಮೆ ಮಾಡ್ತಿವೆ. ಹಳೇ ಮಾತ್ರೆ ಇವತ್ತಿಂದಲೇ ನಿಲ್ಲಿಸಿ, ಬೇರೆ ಬರೆದಿದೀನಿ. ನೋವಿನ ಮಾತ್ರೆ ಮುಟ್ಟಲೇಬೇಡಿ. ಖಾತ್ರಿಗೆ ಇನ್ನೊಂದು ಸಲ ಪರೀಕ್ಷೆ ಮಾಡೋಣ."

ಬೀದಿಗೆ ಬಂದು ಮಾಸ್ತರರು ಕಾರಿನ ಬಾಗಿಲು ತೆಗೆದರು. ಕೂತ ಮೇಲೆ ಕೀಲಿಯನ್ನು ತಿರುಗಿಸದೆ, "ಬಾಟಲಿ ಅದಲು ಬದಲಾಗಿದೆ," ಅಂದರು.

"ಯಾವ ಬಾಟಲಿ?"

"ಮೂತ್ರದ್ದು! ಇಬ್ಬರದೂ ಒಟ್ಟಿಗೆ ಕೊಟ್ವಲ್ಲ, ಚೀಟಿ ತಪ್ಪಾಗಿ ಅಂಟಿಸಿದಾರೆ. ಹನ್ನೆರಡು ವರ್ಷದ ಕಾಯಿಲೆ ನಂದು. ಸೋರೋದಿದ್ರೆ ನಂದು ಸೋರಬೇಕು. ನಿಂಗೇನಾಗಿದೆ, ಕಲ್ಲಿದ್ದಂಗಿದೀಯ. ಇನ್ನೊಂದು ಪರೀಕ್ಷೆ ಆಗೋ ತನಕ ಯಾವ ಹೊಸ ಮಾತ್ರೇನೂ ಬೇಡ. ಹಳೇದೇ ನುಂಗು."

ಟೈಲರಮ್ಮನಿಗೂ ಅದನ್ನೇ ನಂಬಬೇಕು ಅನ್ನಿಸಿತ್ತು. ಹೊಸ ಮಾತ್ರೆಗಳನ್ನು ತಂದು ಗುಂಡಿಗಳ ಡ್ರಾಯರಿನೊಳಗೆ ಇಟ್ಟು ಮೆಷಿನ್ನಿಗೆ ಕೂತಳು.

ಸಂಜೆ ಮಗಳು ಡ್ಯೂಟಿ ಮುಗಿಸಿ ಬಂದು ಕಾಗದ ಓದಿದಳು. ಅವಳ ಟಿಕೆಟ್ ಚೀಲ ಕುರ್ಚಿಯ ಮೇಲೆ ದೊಪ್ಪೆಂದು ಬಿತ್ತು.

"ಬಾಟಲಿ ಅದಲು ಬದಲಾಗಿದ್ರೆ ರಕ್ತಾನೂ ಅದಲು ಬದಲಾಯ್ತಾ ಅಪ್ಪಾ? ರಕ್ತದ ರಿಪೋರ್ಟ್ ಏನ್ ಹೇಳ್ತಿದೆ ನೋಡು."

"ಒಬ್ಬರು ತಪ್ಪು ಮಾಡಿದ್ರೆ ಎಲ್ಲಾ ಕಡೆ ಮಾಡ್ತಾರೆ."

"ಅಮ್ಮನ ಕಾಲೂ ಅದಲು ಬದಲಾಯ್ತಾ?"

"ನೀನು ಬಸ್ಸಲ್ಲಿ ಟಿಕೆಟ್ ಕೊಡು, ನನಗೆ ಬುದ್ಧಿ ಕೊಡಬೇಡ!"

"ದಿನಾ ಕೂತು ಹೊಲಿದ್ರೆ ಕಾಲು ಊದ್ದೆ ಏನಾಗುತ್ತೆ," ಎಂದು ಅಜ್ಜಿ ಮಗನ ಪರ ನಿಂತಳು. "ನನ್ನ ಕಾಲದಲ್ಲಿ ಯಾರು ಕಾಲು ನೋಡ್ಕೊಂಡು ಕೂರ್ತಿದ್ರು?"

"ಅಜ್ಜಿ, ಈ ಮನೇಲಿ ಅಪ್ಪನ ತಟ್ಟೆಗೆ ಬೀಳೋ ಪ್ರತಿ ಅಗುಳೂ ನಮಗೆ ಗೊತ್ತು. ಅಮ್ಮ ಏನ್ ತಿಂತಾಳೆ ಅಂತ ಹೇಳು ನೋಡೋಣ. ಇವತ್ತು ಮಧ್ಯಾಹ್ನ ಏನ್ ತಿಂದ್ಲು?"

ಟೈಲರಮ್ಮ ಮೆಷಿನ್ ಮುಂದಿನಿಂದಲೇ, "ಕೂಗಾಡಬೇಡಿ, ಪಕ್ಕದ ಮನೆಯವರು ಊಟ ಮಾಡ್ತಿದಾರೆ," ಅಂದಳು. ಆ ರಾತ್ರಿ ಮಗಳು ಉಣ್ಣದೆ ಮಲಗಿದಳು. ಮಾಸ್ತರರು ಅನ್ನ ಜಾಸ್ತಿಯಾಯಿತೇ ಎಂದು ಕೇಳದೆಯೇ ಉಂಡು ಎದ್ದರು.

ಎರಡನೆಯ ಪರೀಕ್ಷೆಗೆ ಇನ್ನೂ ಸಮಯವಿತ್ತು. ಅಷ್ಟರೊಳಗೆ ಒಂದು ಮಧ್ಯಾಹ್ನ ಮಾಸ್ತರರು ಯಾರಿಗೋ ಕಾರನ್ನು ಹಿಂದಕ್ಕೆ ತೆಗೆಯುವುದನ್ನು ಕಲಿಸುತ್ತಿದ್ದರು, ಮಗಳು ಬಸ್ಸಿನಲ್ಲಿದ್ದಳು. ಟೈಲರಮ್ಮ ಬೆಳಿಗ್ಗೆ ಹಳೇ ಮಾತ್ರೆಯನ್ನೇ ನುಂಗಿದವಳು ಊಟ ಮರೆತು ನೀಲಿ ಬಟ್ಟೆ ಕತ್ತರಿಸುತ್ತಿದ್ದಳು. ಕತ್ತರಿ ಕೆಳಗೆ ಬಿದ್ದ ಸದ್ದಿಗೆ ಅಜ್ಜಿ ಒಳಗಿನಿಂದ ಕೇಳಿದಳು, "ಏನೇ ಅದು?"

ಉತ್ತರ ಬರಲಿಲ್ಲ. ಅಜ್ಜಿ ಗೋಡೆ ಹಿಡಿದುಕೊಂಡು ಬಂದು ನೋಡಿದರೆ ಸೊಸೆ ಕತ್ತರಿಸಿದ ತೋಳುಗಳ ರಾಶಿಯ ಮೇಲೆ ತಲೆಯಿಟ್ಟು ಕೂತಿದ್ದಾಳೆ. ಮೈಯೆಲ್ಲ ಒದ್ದೆ. ಕಣ್ಣು ತೆರೆದಿದ್ದರೂ ನೋಟ ಎಲ್ಲೋ ಇತ್ತು.

"ಏ ಹುಡುಗಿ! ನಾನ್ ಯಾರು ಹೇಳು!"

"ಗುಂಡಿ... ನಾಲ್ಕು ಗುಂಡಿ," ಅಂದಳು ಟೈಲರಮ್ಮ.

ಅಜ್ಜಿ ಕಿರುಚಲಿಲ್ಲ. ಅಡುಗೆಮನೆಗೆ ಹೋಗಿ ಒಂದು ಲೋಟಕ್ಕೆ ಕೈತುಂಬ ಸಕ್ಕರೆ ಸುರಿದು ನೀರು ಕಲಸಿ ತಂದಳು. ಸೊಸೆಯ ತಲೆಯನ್ನು ತನ್ನ ಹೊಟ್ಟೆಗೆ ಒರಗಿಸಿಕೊಂಡು, "ಕುಡಿ. ನುಂಗು. ಉಗುಳಿದ್ರೆ ಕೊಡ್ತೀನಿ ನೋಡು," ಎನ್ನುತ್ತಾ ಗುಟುಕು ಗುಟುಕಾಗಿ ಕುಡಿಸಿದಳು. ಲೋಟ ಮುಗಿಯುವಷ್ಟರಲ್ಲಿ ಟೈಲರಮ್ಮನ ಕಣ್ಣಿಗೆ ಬೆಳಕು ಬಂತು.

"ಅತ್ತೆ, ಬಟ್ಟೆ ಮೇಲೆ ಸಕ್ಕರೆ ನೀರು ಚೆಲ್ಲಿದೀರಿ."

"ಬಟ್ಟೆ ಮನೆ ಹಾಳಾಗ್ಲಿ!" ಎಂದವಳೇ ಅಜ್ಜಿ ಅಲ್ಲೇ ನೆಲಕ್ಕೆ ಕೂತುಬಿಟ್ಟಳು. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಬಟ್ಟೆ ಚೂರುಗಳ ನಡುವೆ ಸ್ವಲ್ಪ ಹೊತ್ತು ಕೂತಿದ್ದರು.

ಮಾಸ್ತರರು ಬಂದಾಗ ಅಜ್ಜಿ ಬಾಗಿಲಲ್ಲೇ ತಡೆದಳು. "ಬಾಟಲಿ ಅದಲು ಬದಲಾಗಿಲ್ಲ ಕಣೋ. ನಿನ್ನ ತಲೆ ಅದಲು ಬದಲಾಗಿದೆ. ಕಾರು ತಿರುಗಿಸು, ಇವಳನ್ನ ಕರ್ಕೊಂಡು ಹೋಗು."

ಮಾಸ್ತರರು ಬೂಟು ಬಿಚ್ಚದೆ ಒಳಗೆ ಬಂದು ಹೆಂಡತಿಯ ಮುಖ ನೋಡಿದರು. ಡ್ರಾಯರ್ ಎಳೆದು ಹೊಸ ಮಾತ್ರೆಗಳನ್ನು ಜೇಬಿಗೆ ಹಾಕಿಕೊಂಡರು. ದಾರಿಯಲ್ಲಿ ಅಡ್ಡ ಬಂದ ಸೈಕಲ್ಲಿನವನನ್ನೂ ಬೈಯಲಿಲ್ಲ.

ಡಾಕ್ಟರಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. "ಸಕ್ಕರೆ ತಾನಾಗೇ ಇಳೀತಿದೆ, ವಾಸಿಯಾಗ್ತಿದೆ ಅಂದ್ಕೊಂಡ್ರಿ ಅಲ್ವಾ? ತುಂಬಾ ಜನ ಹಾಗೇ ಅಂದ್ಕೊಳ್ತಾರೆ. ಆ ಮಾತ್ರೆ ಕೆಲಸ ಮುಗಿಸಿ ಕಿಡ್ನಿ ಮೂಲಕ ಆಚೆ ಹೋಗಬೇಕು. ಕಿಡ್ನಿ ಸೋತಿದ್ರೆ ಅದು ಮೈಯಲ್ಲೇ ಉಳಿಯುತ್ತೆ. ಇವತ್ತಿನದರ ಮೇಲೆ ನಾಳೆಯದು ಸೇರುತ್ತೆ. ನಡುಗಿಸಿದ್ದು ಅದೇ."

"ಆದ್ರೆ ನನಗೆ ಒಂದು ದಿನಾನೂ ಸೊಂಟದ ಹತ್ರ ನೋವು ಬಂದಿಲ್ಲ ಡಾಕ್ಟ್ರೇ. ಕಿಡ್ನಿ ಕೆಟ್ಟಿದ್ರೆ ನೋಯಬೇಡ್ವಾ?" ಎಂದು ಟೈಲರಮ್ಮ ಕೇಳಿದಳು.

"ನೋಯಲ್ಲ. ಅದೇ ತೊಂದರೆ. ಕಿಡ್ನಿ ಒಳಗೆ ಕೂದಲಿಗಿಂತ ಸಣ್ಣ ರಕ್ತನಾಳಗಳ ಗೊಂಚಲುಗಳಿವೆ, ರಕ್ತ ಸೋಸೋಕೆ. ವರ್ಷಗಟ್ಟಲೆ ಸಕ್ಕರೆ ಜಾಸ್ತಿ ಇರೋ ರಕ್ತ ಹರಿದ್ರೆ ಅವು ಹಾಳಾಗ್ತಾವೆ. ಮೊದಲು ಪ್ರೋಟೀನ್ ಸೋರುತ್ತೆ, ಮೂತ್ರದಲ್ಲಿ ನೊರೆ ಬರುತ್ತೆ. ಆಮೇಲೆ ಒಂದೊಂದೇ ಗೊಂಚಲು ಮುಚ್ಚಿಹೋಗುತ್ತೆ. ರಕ್ತದೊತ್ತಡ ಏರಿದ್ರೆ ಇನ್ನೂ ಬೇಗ. ಅದರ ಮೇಲೆ ನೋವಿನ ಮಾತ್ರೆ ಬೇರೆ."

"ಅಂದ್ರೆ ನೇಯ್ಗೆ ಸಡಿಲಾಗಿದೆ," ಅಂದಳು ಟೈಲರಮ್ಮ.

"ಹೌದು. ಹೋದ ನೇಯ್ಗೆ ವಾಪಸ್ ಬರಲ್ಲ. ಆದ್ರೆ ಉಳಿದಿರೋದನ್ನ ಕಾಪಾಡಿಕೊಂಡ್ರೆ ಎಷ್ಟೋ ವರ್ಷ ಬರುತ್ತೆ. ಇಲ್ಲಿ ಹಾಗೆ ಕಾಪಾಡಿಕೊಂಡು ಆರಾಮಾಗಿ ಓಡಾಡ್ತಿರೋರು ಬೇಕಾದಷ್ಟು ಜನ ಇದಾರೆ. ಒತ್ತಡಕ್ಕೆ ಕೊಟ್ಟಿರೋ ಮಾತ್ರೆ ಸೋರೋದನ್ನೂ ಕಡಿಮೆ ಮಾಡುತ್ತೆ. ಉಪ್ಪು ಕಡಿಮೆ, ಹೊತ್ತಿಗೆ ಸರಿಯಾಗಿ ಊಟ, ಮೂರು ತಿಂಗಳಿಗೊಮ್ಮೆ ಪರೀಕ್ಷೆ. ಮತ್ತೆ ಯಾರಾದ್ರೂ ಏನಾದ್ರೂ ಹೇಳಿದ್ರೆ," ಡಾಕ್ಟರಮ್ಮ ಮಾಸ್ತರರ ಕಡೆ ನೋಡಿದಳು, "ಮೊದಲು ನನ್ನನ್ನ ಕೇಳಿ."

ಮಾಸ್ತರರು ತಮ್ಮ ಬೂಟು ನೋಡಿಕೊಂಡರು. ಕಾರಿನಲ್ಲಿ ಕೂತ ಮೇಲೆ, "ನನ್ನದೇ ಅಂದ್ಕೊಂಡಿದ್ದೆ," ಅಂದರು. "ಏನಾದ್ರೂ ಆಗೋದಿದ್ರೆ ನನಗೇ ಅಂತ. ನೀನು ಹುಷಾರಾಗಿ ಇರ್ತೀಯ ಅಂತ."

"ನಾನೂ ಹಂಗೇ ಅಂದ್ಕೊಂಡಿದ್ದೆ. ಈಗ ಹೊರಡಿ, ಹಿಂದೆ ಹಾರ್ನ್ ಹೊಡೀತಿದಾರೆ," ಅಂದಳು ಟೈಲರಮ್ಮ. ಎರಡನೆಯ ಪರೀಕ್ಷೆಯೂ ಮೊದಲನೆಯದರ ಮಾತನ್ನೇ ಹೇಳಿತು.

ಆಮೇಲೆ ಮನೆಯಲ್ಲಿ ಹೊಸ ಕಾಟ ಶುರುವಾಯಿತು. ಇಷ್ಟು ದಿನ ಟೈಲರಮ್ಮನನ್ನು ಯಾರೂ ನೋಡಿರಲಿಲ್ಲ, ಈಗ ಮೂವರೂ ಕಣ್ಣಲ್ಲಿ ಕಣ್ಣಿಟ್ಟು ನೋಡತೊಡಗಿದರು. ಮಗಳು ಬಸ್ ನಿಲ್ದಾಣದಿಂದ ಫೋನ್ ಮಾಡುವಳು: "ಊಟ ಆಯ್ತಾ? ಕೂತು ಮಾಡಿದ್ಯಾ, ನಿಂತು ಮಾಡಿದ್ಯಾ?" ಮಾಸ್ತರರು ಅಡುಗೆಮನೆಯ ಬಾಗಿಲಲ್ಲಿ ನಿಂತು ಕಲಿಯುವವರಿಗೆ ಹೇಳುವ ಹಾಗೆ ಹೇಳುವರು: "ನಿಧಾನ... ಉಪ್ಪು ಸಾಕು. ಸಾಕು ಅಂದೆ! ಬ್ರೇಕ್!" ಅಜ್ಜಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮೂರನೇ ಮನೆಯವಳಿಂದ ಯಾವುದೋ ಬೇರು ತರಿಸಿ ಕುದಿಸಿ, ಕಡುಕಪ್ಪಗಿನ ಕಷಾಯವನ್ನು ಲೋಟದ ತುಂಬ ತಂದಿಟ್ಟಳು.

"ಕುಡಿ. ಕಿಡ್ನಿ ತೊಳೆದು ಹೊಸದಾಗುತ್ತೆ."

"ಅತ್ತೆ, ಡಾಕ್ಟ್ರನ್ನ ಕೇಳದೆ ಬೇಡ."

"ಅವತ್ತು ಸಕ್ಕರೆ ನೀರು ಕುಡಿಸಿದ್ದು ಡಾಕ್ಟ್ರಾ ನಾನಾ?"

"ನೀವೇ ಅತ್ತೆ. ನೀವಿಲ್ದಿದ್ರೆ ನಾನು ಇವತ್ತು ಇಲ್ಲಿ ಕೂತಿರ್ತಿರಲಿಲ್ಲ. ಆದ್ರೆ ಇದು ಏನಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನನ್ನ ಕಿಡ್ನಿಗೆ ಇನ್ನು ಗೊತ್ತಿಲ್ಲದ ಕೆಲಸ ಕೊಡಲ್ಲ."

ಅಜ್ಜಿ ಮುಖ ಊದಿಸಿಕೊಂಡು ಕಷಾಯವನ್ನು ಹಿತ್ತಲಿಗೆ ಚೆಲ್ಲಿದಳು. ಎರಡು ದಿನ ಸೊಸೆಯ ಜೊತೆ ಗೋಡೆಯ ಮೂಲಕ ಮಾತಾಡಿದಳು. "ಗೋಡೆಯೇ, ಈ ಮನೆಯಲ್ಲಿ ಕಾಫಿ ಸಿಗುತ್ತೋ ಹೇಗೆ?" ಎನ್ನುವಳು. ಟೈಲರಮ್ಮ ಕಾಫಿ ತಂದು ಗೋಡೆಯ ಪಕ್ಕದಲ್ಲಿ ಇಟ್ಟು ಹೋಗುವಳು. ಮೂರನೆಯ ದಿನ ಅಜ್ಜಿಗೇ ನಗು ಬಂದು ರಾಜಿಯಾಯಿತು.

ಉಪ್ಪಿನ ಜಗಳ ಅಷ್ಟು ಸುಲಭಕ್ಕೆ ಮುಗಿಯಲಿಲ್ಲ. ನಾಲ್ಕು ಜನಕ್ಕೆ ನಾಲ್ಕು ಪಾತ್ರೆಯಲ್ಲಿ ಬೇಯಿಸುವುದನ್ನು ನಿಲ್ಲಿಸಿ, ಒಂದೇ ಪಾತ್ರೆಯಲ್ಲಿ, ಕಡಿಮೆ ಉಪ್ಪಿನಲ್ಲಿ ಅಂತ ಮಗಳು ತೀರ್ಮಾನ ಹೇಳಿದಳು.

"ಈ ವಯಸ್ಸಲ್ಲಿ ನನಗೆ ಹುಲ್ಲು ತಿನ್ನಿಸ್ತೀರಾ?" ಎಂದಳು ಅಜ್ಜಿ.

"ನಿನಗೆ ಬೇಕಾದ್ರೆ ಮೇಲೆ ಹಾಕ್ಕೋ ಅಜ್ಜಿ, ತಟ್ಟೆಗೆ."

"ಮೇಲೆ ಹಾಕ್ಕೊಂಡ ಉಪ್ಪು ನಾಲಿಗೆಗೆ ಗೊತ್ತಾಗುತ್ತೆ, ಸಾರಲ್ಲಿ ಬೆಂದ ಮೀನಿಗೆ ಗೊತ್ತಾಗುತ್ತಾ?"

ಮೊದಲ ವಾರ ಎಲ್ಲರೂ ಔಷಧಿ ಕುಡಿಯುವವರ ಮುಖ ಮಾಡಿಕೊಂಡು ಉಂಡರು. ಟೈಲರಮ್ಮ ನಿಂಬೆಹಣ್ಣು, ಬೆಳ್ಳುಳ್ಳಿ, ಮೆಣಸು, ಹುರಿದ ಈರುಳ್ಳಿ ಎಲ್ಲವನ್ನೂ ಮುಂದಕ್ಕೆ ತಂದಳು. ಒಂದು ದಿನ ಅಜ್ಜಿ ಕೇಳದೇ ಎರಡನೆಯ ಸಲ ಬಡಿಸಿಕೊಂಡಳು. ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಪಾತ್ರೆಗೆ ವಾಪಸ್ ಹಾಕುವ ಹೆಂಗಸೇ ಅವಳು.

ದೊಡ್ಡ ಜಗಳವಾದದ್ದು ಯೂನಿಫಾರ್ಮಿನ ಮೇಲೆ. ಶಾಲೆ ತೆರೆಯುವ ದಿನ ಹತ್ತಿರ ಬರುತ್ತಿತ್ತು, ಅರ್ಧ ಬಟ್ಟೆ ಇನ್ನೂ ಕತ್ತರಿಸಿಯೇ ಇರಲಿಲ್ಲ. ನೋವಿನ ಮಾತ್ರೆ ಇಲ್ಲದೆ ಬೆನ್ನು ಹಿಂದಿನಷ್ಟು ಹೊತ್ತು ಕೂರಲು ಬಿಡುತ್ತಿರಲಿಲ್ಲ. ಮಾಸ್ತರರು ಒಂದು ಬೆಳಿಗ್ಗೆ ಬೂಟಿನ ದಾರ ಕಟ್ಟುತ್ತಾ ಸಹಜವಾಗಿ ಹೇಳಿದರು:

"ಶಾಲೆಗೆ ಫೋನ್ ಮಾಡಿ ಹೇಳಿದೀನಿ, ಈ ವರ್ಷ ಆಗಲ್ಲ ಅಂತ. ಬಟ್ಟೆ ವಾಪಸ್ ತಗೊಂಡು ಹೋಗ್ತಾರೆ."

ಮೆಷಿನ್ ನಿಂತಿತು.

"ಯಾರನ್ನ ಕೇಳಿ ಹೇಳಿದ್ರಿ?"

"ಕೇಳೋದೇನು? ಹುಷಾರಿಲ್ಲದವಳು ನೀನು."

ಟೈಲರಮ್ಮ ಎದ್ದು ನಿಂತಳು. ಮೂವತ್ತು ವರ್ಷದಲ್ಲಿ ಆ ಮನೆ ಅವಳ ಗಂಟಲಿನ ಪೂರ್ತಿ ಅಳತೆಯನ್ನು ಕೇಳಿರಲಿಲ್ಲ. ಆ ದಿನ ಕೇಳಿತು.

"ನನಗೆ ಕಾಯಿಲೆ ಬಂದಿದೆ, ಬುದ್ಧಿ ಹೋಗಿಲ್ಲ! ನಿಮಗೆ ಹನ್ನೆರಡು ವರ್ಷದಿಂದ ಸಕ್ಕರೆ ಇದೆ. ನಾನು ಒಂದು ದಿನ ನಿಮ್ಮ ಕಾರಿನ ಕೀಲಿ ಕಿತ್ಕೊಂಡ್ನಾ? ಊಟ ನೋಡ್ಕೊಂಡೆ, ಮಾತ್ರೆ ನೋಡ್ಕೊಂಡೆ, ಕೆಲಸಕ್ಕೆ ಕಳಿಸ್ದೆ. ನನಗೂ ಅಷ್ಟೇ ಮಾಡಿ. ಅದಕ್ಕಿಂತ ಜಾಸ್ತಿ ಮಾಡಬೇಡಿ, ಕಡಿಮೇನೂ ಮಾಡಬೇಡಿ!"

ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು. ಅಜ್ಜಿ ಮಂಚದ ಮೇಲೆ ಎದ್ದು ಕೂತು, "ಸರಿಯಾಗಿ ಹೇಳಿದ್ಲು," ಎಂದಳು. ಮಗಳು ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಬಾಗಿಲಿಗೆ ಬಂದು ನಿಂತಳು.

ಮಾಸ್ತರರು ಕಟ್ಟಿದ ಬೂಟಿನ ದಾರವನ್ನೇ ಬಿಚ್ಚಿ ಮತ್ತೆ ಕಟ್ಟಿದರು. "ಕೆಲಸ ಮುಗಿಯಬೇಕಲ್ಲ. ಬೆನ್ನು ಕೂರೋಕೆ ಬಿಡಲ್ಲ ಅಂತೀಯ."

"ಮುಗಿಯುತ್ತೆ. ಹೊಲಿಗೆ ನಂದು. ಗುಂಡಿ, ಕಾಜ, ಇಸ್ತ್ರಿ ಯಾರ್ದಾದ್ರೂ ಆಗಬಹುದು. ಮಧ್ಯಾಹ್ನದ ಅಡುಗೆ ಯಾರ್ದಾದ್ರೂ ಆಗಬಹುದು."

"ನನಗೆ ಅಡುಗೆ ಬರಲ್ಲ."

"ನಿಮ್ಮ ಹತ್ರ ಬರೋರಿಗೂ ಡ್ರೈವಿಂಗ್ ಬರಲ್ಲ. ಕಲೀತಾರೆ."

ಮಗಳು ಬಾಯಲ್ಲಿದ್ದ ನೊರೆಯ ಸಮೇತ ನಕ್ಕುಬಿಟ್ಟಳು.

ಅದೇ ದಿನ ಮಾಸ್ತರರು ಶಾಲೆಗೆ ಹೋಗಿ ತಾವು ಹೇಳಿದ್ದನ್ನು ತಾವೇ ವಾಪಸ್ ತೆಗೆದುಕೊಂಡು ಬಂದರು. ಬರುವಾಗ ಮೆಷಿನ್ನಿಗೆ ಒಂದು ಸಣ್ಣ ಮೋಟರನ್ನೂ ಒರಗುವ ಕುರ್ಚಿಯೊಂದನ್ನೂ ತಂದರು. ಮೊದಲ ದಿನ ಅವರು ಬೇಯಿಸಿದ ಕಾಳು ಕಲ್ಲಾಗಿತ್ತು. ಎರಡನೆಯ ದಿನ ಗಂಜಿಯಾಗಿತ್ತು. "ನಡುವೆ ಎಲ್ಲಾದ್ರೂ ನಿಲ್ಲಿಸೋ," ಎಂದಳು ಅಜ್ಜಿ. ವಾರ ಕಳೆಯುವಷ್ಟರಲ್ಲಿ ನಿಲ್ಲಿಸುವುದನ್ನು ಕಲಿತರು. ಸಂಜೆ ಕನ್ನಡಕ ಮೂಗಿನ ತುದಿಗಿಟ್ಟುಕೊಂಡು ಗುಂಡಿ ಹೊಲಿಯಲು ಕೂತರೆ ಕಾರು ಕಲಿಯಲು ಬಂದವರೂ ಬಾಗಿಲಲ್ಲಿ ನಿಂತು ನೋಡುವರು.

"ಏನ್ ನೋಡ್ತೀಯ? ಹೋಗಿ ಕನ್ನಡಿ ಸರಿ ಮಾಡ್ಕೊಂಡು ಕೂತಿರು, ಬಂದೆ!"

ಅಜ್ಜಿ ಮಡಿಸಿ ಜೋಡಿಸುವಳು, ಮಗಳು ಡ್ಯೂಟಿ ಮುಗಿಸಿ ಬಂದು ಇಸ್ತ್ರಿ ಹಾಕುವಳು. ಟೈಲರಮ್ಮ ಒಂದಿಷ್ಟು ಹೊತ್ತು ಹೊಲಿದು ಎದ್ದು ಬೀದಿಯ ತುದಿಯವರೆಗೆ ನಡೆದು ಬರುವಳು. ಮಧ್ಯಾಹ್ನ ಮೇಜಿಗೆ ಕೂತು, ತಟ್ಟೆಯಲ್ಲಿ ಬಡಿಸಿಕೊಂಡು, ಬಿಸಿಯಾಗಿ ಉಣ್ಣುವಳು. ಬಿಸಿ ಅನ್ನಕ್ಕೆ ಇಷ್ಟು ರುಚಿ ಇರುತ್ತದೆಂದು ಅವಳಿಗೆ ಮರೆತೇ ಹೋಗಿತ್ತು. ಶಾಲೆ ತೆರೆಯುವ ಮುಂಚಿನ ದಿನ ಕಡೆಯ ಗಂಟು ಹೊರಗೆ ಹೋಯಿತು.

ಹಾಗೆಂದು ಎಲ್ಲವೂ ದಾರಿಗೆ ಬಿತ್ತೆಂದಲ್ಲ. ಕೆಲವು ದಿನ ಮೈ ಸೋತು ಮಲಗಿಯೇ ಇರುವಳು. ಒಂದು ಸಂಜೆ ಮಗಳ ಹತ್ತಿರ, "ಮೆಷಿನ್ ಹಾಕಿ ರಕ್ತ ತೊಳೀತಾರಲ್ಲ, ಅಲ್ಲೀವರೆಗೂ ಹೋಗುತ್ತೇನೇ?" ಎಂದು ಕೇಳಿದಳು.

ಮಗಳು ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟಳು. "ನಾನೂ ಡಾಕ್ಟ್ರನ್ನ ಕೇಳ್ದೆ. ಹೋಗಲ್ಲ ಅಂತ ಬರ್ದು ಕೊಡೋಕಾಗಲ್ಲ, ಹೋಗಲೇಬೇಕು ಅಂತಾನೂ ಇಲ್ಲ ಅಂದ್ರು. ಈಗ ಹಿಡ್ಕೊಂಡ್ರೆ ತುಂಬಾ ದೂರ ತಳ್ಳಬಹುದಂತೆ."

"ತಳ್ಳೋಣ ಹಾಗಾದ್ರೆ," ಅಂದಳು ಟೈಲರಮ್ಮ. "ನೀನೂ ಒಂದು ಪರೀಕ್ಷೆ ಮಾಡಿಸ್ಕೋ. ಅಪ್ಪನಿಗೂ ಇದೆ, ಅಮ್ಮನಿಗೂ ಇದೆ. ಬಸ್ಸಲ್ಲಿ ಊಟ ಬಿಟ್ಕೊಂಡು ಓಡಾಡ್ತೀಯ." ಮಗಳು ಗೊಣಗುತ್ತಲೇ ಹೋಗಿ ಬಂದಳು. ಸದ್ಯಕ್ಕೆ ಏನೂ ಇರಲಿಲ್ಲ, ವರ್ಷಕ್ಕೊಮ್ಮೆ ನೋಡಿಸಲು ಹೇಳಿದ್ದರು.

ಮೂರು ತಿಂಗಳ ಪರೀಕ್ಷೆಗೆ ಮಾಸ್ತರರು ಕಾರು ತೊಳೆದು ನಿಂತಿದ್ದರು. ಟೈಲರಮ್ಮ ಒಳ್ಳೆಯ ಸೀರೆ ಉಟ್ಟು ಹೊರಗೆ ಬಂದಳು.

"ನೀವು ಬರೋದು ಬೇಡ. ನಿಮಗೆ ಸೂಜಿ ಕಂಡ್ರೆ ಆಗಲ್ಲ, ಅಲ್ಲಿ ನಿಮ್ಮನ್ನೂ ನಾನೇ ನೋಡ್ಕೋಬೇಕು. ಬಸ್ಸಲ್ಲಿ ಹೋಗ್ತೀನಿ."

"ಒಬ್ಬಳೇ?"

"ಒಬ್ಬಳೇ. ಒಲೆ ಮೇಲೆ ಹಾಲಿದೆ, ನೋಡ್ಕೊಳ್ಳಿ."

ರಕ್ತ ಕೊಟ್ಟು, ಫಲಿತಾಂಶ ಬರುವ ತನಕ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತು, ಚೀಲದಲ್ಲಿದ್ದ ಡಬ್ಬಿ ತೆಗೆದು ಹೊತ್ತಿಗೆ ಸರಿಯಾಗಿ ತಿಂದಳು. ಡಾಕ್ಟರಮ್ಮ ಹಳೆಯ ಕಾಗದ ಹೊಸ ಕಾಗದ ಎರಡನ್ನೂ ಪಕ್ಕ ಪಕ್ಕ ಇಟ್ಟು ಬಹಳ ಹೊತ್ತು ಮಾತಾಡಿದಳು. ಹೊರಗೆ ಬಂದು ನಿಲ್ದಾಣದಲ್ಲಿ ನಿಂತಾಗ ಬಂದದ್ದು ಮಗಳ ಬಸ್ಸೇ. ಕಾಲಿಡಲು ಜಾಗವಿರಲಿಲ್ಲ.

"ಹಿಂದೆ ಹೋಗಿ, ಹಿಂದೆ ಹೋಗಿ! ಆ ಅಮ್ಮನಿಗೆ ಸೀಟು ಬಿಡಿ ಸಾರ್," ಎನ್ನುತ್ತಾ ಬಂದ ಮಗಳು, ಆ ಅಮ್ಮ ಯಾರೆಂದು ಕಂಡು ಅಲ್ಲೇ ನಿಂತಳು. "ಏನಂದ್ರು?"

"ಟಿಕೆಟ್ ಕೊಡು ಮೊದಲು."

"ಅಮ್ಮಾ!"

"ಜನ ಕಾಯ್ತಿದಾರೆ ಕಣೇ. ಕೊಡು."

ಮಗಳು ಟಿಕೆಟ್ ಹರಿದು ಕೊಟ್ಟಳು. ಮುಂದೆ ಹೋದಳು, ನಾಲ್ಕು ಜನಕ್ಕೆ ತಪ್ಪು ಚಿಲ್ಲರೆ ಕೊಟ್ಟಳು, ನಾಲ್ವರಿಂದಲೂ ಬೈಸಿಕೊಂಡಳು, ಜನರ ನಡುವೆ ನುಗ್ಗಿ ಮತ್ತೆ ಬಂದಳು. ಟೈಲರಮ್ಮ ಕಿಟಕಿ ಪಕ್ಕದಲ್ಲಿ ಆರಾಮಾಗಿ ಕೂತಿದ್ದಳು.

"ಹೇಳ್ತೀಯೋ ಇಲ್ವೋ?"

"ಸೋರೋದು ಅರ್ಧಕ್ಕೆ ಇಳಿದಿದೆಯಂತೆ. ಕಿಡ್ನಿ ಹೋದ ಸಲ ಎಲ್ಲಿತ್ತೋ ಅಲ್ಲೇ ನಿಂತಿದೆಯಂತೆ. ಒಂದಿಷ್ಟೂ ಕೆಳಗೆ ಹೋಗಿಲ್ಲ. ನಿಲ್ಲಿಸೋದೇ ದೊಡ್ಡದು, ನೀವು ನಿಲ್ಲಿಸಿದೀರಿ ಅಂದ್ರು."

"ನಿಂತಿದೆಯಾ?" ಎಂದು ಮಗಳು ಬಸ್ಸಿಗೆಲ್ಲ ಕೇಳುವ ಹಾಗೆ ಕೂಗಿದಳು. ಕೂಗಿದ ರಭಸದಲ್ಲೇ ಕೊರಳಲ್ಲಿದ್ದ ಸೀಟಿಯನ್ನು ಬಾಯಿಗಿಟ್ಟು ಉದ್ದಕ್ಕೆ ಊದಿಬಿಟ್ಟಳು. ಡ್ರೈವರ್ ನಡುರಸ್ತೆಯಲ್ಲಿ ಬ್ರೇಕ್ ಹಾಕಿದ. ನಿಂತವರೆಲ್ಲ ಒಬ್ಬರ ಮೇಲೊಬ್ಬರು ವಾಲಿದರು.

"ಯಾರ್ರೀ ಇಳಿಯೋರು ಇಲ್ಲಿ?" ಡ್ರೈವರ್ ತಿರುಗಿ ಗದರಿದ.

ಯಾರೂ ಇಳಿಯಲಿಲ್ಲ. ಮಗಳು ಕಣ್ಣೊರೆಸಿಕೊಳ್ಳುತ್ತಾ, ನಗುತ್ತಾ, ಬಸ್ಸಿನ ತಗಡನ್ನು ಎರಡು ಸಲ ಬಡಿದಳು.

"ಯಾರೂ ಇಲ್ಲ ಸಾರ್, ಯಾರೂ ಇಲ್ಲ. ಹೋಗೋಣ, ರೈಟ್!"